ನಿಮ್ಮ ಸೆಕ್ಷನ್‌ಗೆ ಅದಿಲ್ಲ

ಎಂಟನೇ ತರಗತಿಗೆ ಸೇರಿದ ಮಕ್ಕಳನ್ನು ಅಂಕದ ಪ್ರಕಾರ ಎ, ಬಿ, ಸಿ ಎಂದು ಬೇರೆ ಬೇರೆ ಕೋಣೆಗೆ ಹಂಚುವ ಪಟ್ಟಿಯನ್ನು ನಮ್ಮ ಹೈಸ್ಕೂಲಿನಲ್ಲಿ ತಯಾರು ಮಾಡುತ್ತಿದ್ದವನು ನಾನು. ಯಾರ ಒತ್ತಾಯವೂ ಇರಲಿಲ್ಲ. ಆಡಳಿತ ಮಂಡಳಿಯವರ ಮುಂದೆ ಆ ಸಲಹೆ ಇಟ್ಟವನೂ ನಾನೇ. ಗಣಿತದ ಮೇಷ್ಟ್ರಾಗಿ ನನಗೆ ಅದು ನ್ಯಾಯವಾದ ಏರ್ಪಾಡು ಅನ್ನಿಸಿತ್ತು. ಚುರುಕಾದವರನ್ನು ಕಾಯಿಸಬಾರದು, ನಿಧಾನದವರನ್ನು ಓಡಿಸಬಾರದು, ಅವರವರ ಹೆಜ್ಜೆಗೆ ತಕ್ಕ ಪಾಠ ಅವರವರಿಗೆ ಸಿಗಬೇಕು. ಪೋಷಕರ ಸಭೆಗಳಲ್ಲಿ ಈ ಮಾತನ್ನು ಎಷ್ಟೋ ಸಲ ಹೇಳಿದ್ದೇನೆ, ನಂಬಿಯೇ ಹೇಳಿದ್ದೇನೆ. ಅದರಿಂದ ಮಕ್ಕಳಿಗೆ ಏನಾಯಿತು ಎಂಬುದನ್ನು ಈಗ ಬರೆಯಲೇಬೇಕು. ದಾವಣಗೆರೆಯಲ್ಲಿ ಇವತ್ತಿಗೂ ಜೂನ್ ಬಂತೆಂದರೆ ಇಂಥ ಪಟ್ಟಿಗಳು ನೋಟಿಸ್ ಬೋರ್ಡಿಗೆ ಏರುತ್ತವೆ.

ನಮ್ಮೂರು ಬೆಳೆದದ್ದು ಹತ್ತಿ ಗಿರಣಿಗಳಿಂದ. ಗಿರಣಿಗಳ ಸದ್ದು ಅಡಗಿದ ಮೇಲೆ ಊರಿನ ಆಸೆಯೆಲ್ಲ ಕಾಲೇಜುಗಳ ಕಡೆ ತಿರುಗಿತು. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಹುಟ್ಟಿತು, ಜೆಜೆಎಂ ಮೆಡಿಕಲ್ ಕಾಲೇಜು 1965ರಲ್ಲಿ, ಬಿಐಇಟಿ ಎಂಜಿನಿಯರಿಂಗ್ ಕಾಲೇಜು 1979ರಲ್ಲಿ. ಜಗಳೂರು, ಚನ್ನಗಿರಿ, ಹರಪನಹಳ್ಳಿ ಕಡೆಯ ಎಷ್ಟೋ ಸಂಸಾರಗಳು ಮಕ್ಕಳ ಓದಿಗೆಂದೇ ಇಲ್ಲಿ ಬಾಡಿಗೆ ಮನೆ ಹಿಡಿದಿವೆ. ನಾನಿರುವ ನಿಜಲಿಂಗಪ್ಪ ಬಡಾವಣೆಯಲ್ಲೂ ಅಂಥ ಮನೆಗಳಿವೆ. ಅಪ್ಪ ಹಳ್ಳಿಯಲ್ಲಿ ಅಡಿಕೆ ತೋಟ ನೋಡಿಕೊಂಡು ಇರುತ್ತಾರೆ, ತಾಯಿ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿರುತ್ತಾರೆ. ವೈದ್ಯಕೀಯಕ್ಕೆ ನೀಟ್, ಎಂಜಿನಿಯರಿಂಗ್‌ಗೆ ಸಿಇಟಿ. ಅದಕ್ಕೆ ಒಳ್ಳೆಯ ಪಿಯು ಕಾಲೇಜಿನ ಒಳ್ಳೆಯ ಬ್ಯಾಚ್ ಬೇಕು, ಆ ಬ್ಯಾಚಿಗೆ ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 600ರ ಮೇಲೆ ಬೇಕು, ಅದಕ್ಕೆ ಹೈಸ್ಕೂಲಿನಲ್ಲಿ ಎ ಸೆಕ್ಷನ್ ಬೇಕು. ಹೀಗೆ ಹದಿಮೂರು ವರ್ಷದ ಮಗುವಿನ ಮೇಲೆ ಬಂದು ನಿಲ್ಲುತ್ತದೆ ಇಡೀ ಸಂಸಾರದ ಲೆಕ್ಕಾಚಾರ.

ಪಟ್ಟಿ ಮಾಡುವುದಕ್ಕೆ ನಾವು ಜೂನ್ ಮೊದಲ ವಾರದಲ್ಲಿ ಒಂದು ಪರೀಕ್ಷೆ ಇಡುತ್ತಿದ್ದೆವು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿವರೆಗೆ ಪ್ರವೇಶ ಕೊಡಲು ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸುವಂತಿಲ್ಲ. ನಮ್ಮದು ಪ್ರವೇಶ ಪರೀಕ್ಷೆಯಲ್ಲ, ಸೇರಿಸಿಕೊಂಡ ಮೇಲೆ ಮಾಡುವ ಪರೀಕ್ಷೆ ಎಂದು ಸಮಾಧಾನ ಹೇಳಿಕೊಂಡಿದ್ದೆವು. ಕಾಯ್ದೆಯ ಅಕ್ಷರಕ್ಕೆ ಧಕ್ಕೆ ಬರದಂತೆ ಅದರ ಉದ್ದೇಶವನ್ನು ಮೂಲೆಗೆ ಸರಿಸಿದ್ದೆವು. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಇರುತ್ತಿತ್ತು. ಏಳನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಗಣಿತದ ಹೇಳಿಕೆ ಲೆಕ್ಕಗಳನ್ನು ಖಾಲಿ ಬಿಡುತ್ತಿದ್ದರು. ಅದೇ ಲೆಕ್ಕವನ್ನು ಬಾಯಲ್ಲಿ ಕನ್ನಡದಲ್ಲಿ ಹೇಳಿದ್ದರೆ ಅರ್ಧಕ್ಕರ್ಧ ಮಂದಿ ಮಾಡುತ್ತಿದ್ದರು. ನಾನು ಹೇಳಿ ನೋಡಲಿಲ್ಲ. ಖಾಲಿ ಜಾಗಕ್ಕೆ ಸೊನ್ನೆ ಹಾಕಿ ಕೂಡಿಸಿದೆ.

ಆ ಪಟ್ಟಿಗಳನ್ನು ಹಾಜರಿ ಪುಸ್ತಕದ ವಿಳಾಸಗಳ ಪಕ್ಕದಲ್ಲಿಟ್ಟು ನೋಡಿದ್ದರೆ ಮೊದಲ ವರ್ಷವೇ ತಿಳಿಯುತ್ತಿತ್ತು. ಎ ಸೆಕ್ಷನ್ನಿನ ಮಕ್ಕಳು ಬಹುಪಾಲು ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್, ನಿಜಲಿಂಗಪ್ಪ ಬಡಾವಣೆಯವರು. ಸಿ ಸೆಕ್ಷನ್ನಿನಲ್ಲಿ ಮಂಡಕ್ಕಿ ಭಟ್ಟಿಗಳ ಕಡೆಯವರು, ಹಳೇ ಊರಿನವರು, ಬಸ್ ಪಾಸ್ ಇಟ್ಟುಕೊಂಡು ಹಳ್ಳಿಗಳಿಂದ, ಹರಿಹರದಿಂದ ಬರುವವರು. ಬುದ್ಧಿಯನ್ನು ಅಳೆದೆ ಅಂದುಕೊಂಡು ನಾನು ಅಳೆದದ್ದು ಮನೆಯ ಅನುಕೂಲವನ್ನು.

ಇಷ್ಟಕ್ಕೇ ನಿಂತಿದ್ದರೂ ತಿದ್ದಿಕೊಳ್ಳಬಹುದಿತ್ತು. ಹಂಚಿದ ಮೇಲೆ ನಾವು ಮಾಡಿದ್ದು ಅದಕ್ಕಿಂತ ದೊಡ್ಡ ಅನ್ಯಾಯ.

ಪ್ರತಿ ಶನಿವಾರ ಮೂರೂ ಸೆಕ್ಷನ್‌ಗಳಿಗೆ ಒಂದೇ ಪ್ರಶ್ನೆಪತ್ರಿಕೆಯ ಟೆಸ್ಟ್. ಚೆನ್ನಾಗಿ ಮಾಡಿದವರಿಗೆ ದಸರಾ ರಜೆಯ ನಂತರ ಮೇಲಿನ ಸೆಕ್ಷನ್‌ಗೆ ಬಡ್ತಿ. ಎಲ್ಲರಿಗೂ ಒಂದೇ ಅಳತೆ, ಯಾರು ಬೇಕಾದರೂ ಮೇಲೇರಬಹುದು ಎಂದು ಹೆಮ್ಮೆಯಿಂದ ಹೇಳುತ್ತಿದ್ದೆವು. ಆದರೆ ಸಿ ಸೆಕ್ಷನ್ನಿಂದ ಎ ಸೆಕ್ಷನ್‌ಗೆ ಹೋದ ಮಗು ನನ್ನ ನೆನಪಿನಲ್ಲಿ ಒಂದೂ ಇಲ್ಲ. ನೋಡಿ, ಎಷ್ಟು ಅವಕಾಶ ಕೊಟ್ಟರೂ ಅವರ ಕೈಲಿ ಆಗುವುದಿಲ್ಲ ಎಂದು ಸಿಬ್ಬಂದಿ ಕೊಠಡಿಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ನಾನೂ ಆಡಿದ್ದೇನೆ.

ಅಸಲು ಸಂಗತಿ ವೇಳಾಪಟ್ಟಿಯಲ್ಲಿತ್ತು. ಎ ಸೆಕ್ಷನ್‌ಗೆ ಬೆಳಗಿನ ಅವಧಿಗಳು, ಹಳಬರಾದ ಮೇಷ್ಟ್ರುಗಳು. ಸಿ ಸೆಕ್ಷನ್‌ಗೆ ಆ ವರ್ಷವಷ್ಟೇ ಬಿ.ಎಡ್ ಮುಗಿಸಿ ಬಂದವರು, ಮಧ್ಯಾಹ್ನದ ಊಟದ ನಂತರದ ಅವಧಿಗಳು. ಹತ್ತನೇ ತರಗತಿಗೆ ಬರುವ ಹೊತ್ತಿಗೆ ಅವರಿಗೆ ಪಾಸಿಂಗ್ ಪ್ಯಾಕೇಜ್ ಶುರು. ಎಸ್‌ಎಸ್‌ಎಲ್‌ಸಿ ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ, ಪಾಸಾಗಲು ಆಗ 28 ಬೇಕಿತ್ತು. ಆ 28 ಎಲ್ಲಿ ಸುಲಭವಾಗಿ ಸಿಗುತ್ತದೆ ಎಂದು ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಟ್ಟುಕೊಂಡು ನಾನೇ ಲೆಕ್ಕ ಹಾಕಿದ್ದೆ. ರೇಖಾತ್ಮಕ ಸಮೀಕರಣಗಳ ನಕ್ಷೆ, ಓಜೀವ್, ರಚನೆಗಳು, ಥೇಲ್ಸ್ ಪ್ರಮೇಯ, ಸಮಾಂತರ ಶ್ರೇಢಿಯ ಸೂತ್ರಕ್ಕೆ ನೇರವಾಗಿ ಬೆಲೆ ಹಾಕುವ ಲೆಕ್ಕ. ಇಷ್ಟನ್ನೇ ತಿರುಗಿ ತಿರುಗಿ ಮಾಡಿಸುವುದು. ತ್ರಿಕೋನಮಿತಿಯ ಎರಡೂ ಅಧ್ಯಾಯಗಳನ್ನು ಬಿಡುವುದು. ಪ್ರಮೇಯದ ಸಾಧನೆಯನ್ನು ಬಾಯಿಪಾಠ ಮಾಡಿಸುವುದು, ಯಾಕೆ ಹಾಗೆ ಎಂದು ಕೇಳದಿರುವುದು. ಶನಿವಾರದ ಟೆಸ್ಟಿನಲ್ಲಿ ಮಾತ್ರ ತ್ರಿಕೋನಮಿತಿಯ ಪ್ರಶ್ನೆ ಎಲ್ಲರಿಗೂ ಇರುತ್ತಿತ್ತು. ಕಲಿಸದೇ ಬಿಟ್ಟದ್ದನ್ನು ಕೇಳಿ, ಬರುವುದಿಲ್ಲ ಎಂದು ಬರೆದುಕೊಂಡು, ಆ ಬರಹವನ್ನೇ ಸಾಕ್ಷಿಯಾಗಿ ಇಟ್ಟುಕೊಂಡು ಮರುವರ್ಷವೂ ಹಂಚಿದೆ. ಇಷ್ಟು ಸರಳವಾದ ತಪ್ಪು ಗಣಿತ ಕಲಿಸುವವನ ಕಣ್ಣಿಗೆ ಬೀಳಲಿಲ್ಲ. ಶಾಲೆಯ ಫಲಿತಾಂಶ ನೂರಕ್ಕೆ ನೂರು ಬರುತ್ತಿದ್ದುದರಿಂದ ಹುಡುಕುವ ಅಗತ್ಯವೂ ಯಾರಿಗೂ ಕಾಣಲಿಲ್ಲ.

ಸಿ ಸೆಕ್ಷನ್ನಿನ ಪಾಸಿಂಗ್ ಪ್ಯಾಕೇಜ್ ತರಗತಿಗಳಿಗೆ ಜನವರಿಯ ನಂತರ ನಾನೇ ಹೋಗುತ್ತಿದ್ದೆ. ಒಂದು ವರ್ಷ ಆ ತರಗತಿಯಲ್ಲಿ ಹರಿಹರದಿಂದ ಬರುವ ಒಬ್ಬ ಹುಡುಗಿ ಇದ್ದಳು. ಅವಳ ತಂದೆ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಕಲಿತವರು. 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಮಾಡಿಕೊಟ್ಟ ಕಾರ್ಖಾನೆ ಅದು. ಅದು ಬಾಗಿಲು ಹಾಕಿದ ಮೇಲೆ ಅವರು ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅದೇ ಕೆಲಸ ಮಾಡುತ್ತಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಓಜೀವ್ ನಕ್ಷೆ ಹಾಕಿಸುತ್ತಿದ್ದ ದಿನ ಅವಳು ನೋಟ್‌ಬುಕ್ಕಿನ ಹಿಂದಿನ ಪುಟ ತೆಗೆದು ನನ್ನ ಹತ್ತಿರ ಬಂದಳು. ಅದರಲ್ಲಿ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಇರುವ ಕಂಬಿಯ ಚಿತ್ರ ಬರೆದಿದ್ದಳು. ದಪ್ಪ ತುದಿಗೆ 40, ಸಣ್ಣ ತುದಿಗೆ 30, ಉದ್ದ 50 ಎಂದು ಗುರುತು.

"ಸಾರ್, ನಮ್ಮಪ್ಪಾರು ಟೇಪರ್ ಮಾಡುವಾಗ ಈ 40ರಾಗೆ 30 ಕಳೆದು, ಉದ್ದದಿಂದ ಭಾಗಿಸಿ, 28.6ರಿಂದ ಗುಣಿಸ್ತಾರೆ. ಬಂದಷ್ಟು ಡಿಗ್ರಿಗೆ ಮಿಷಿನ್ ತಿರುಗಿಸ್ತಾರೆ. ಈ 28.6 ಎಲ್ಲಿಂದ ಬರ್ತತಿ? ಇಳಿಜಾರು ಜಾಸ್ತಿ ಇದ್ರೆ ಈ ಲೆಕ್ಕ ತಪ್ಪತತಿ, ಟ್ಯಾನ್ ಚಾರ್ಟ್ ನೋಡ್ಬೇಕು ಅಂತಾರೆ. ಯಾಕೆ ಸಾರ್ ಹಂಗೆ?"

ನಾನು ಅಂದೆ: "ಟ್ಯಾನ್ ಎಲ್ಲಾ ತ್ರಿಕೋನಮಿತಿ. ನಿಮ್ಮ ಸೆಕ್ಷನ್‌ಗೆ ಅದಿಲ್ಲ. ಮೊದಲು ಓಜೀವ್ ಮುಗಿಸು."

ಅವಳು ಹೋಗಿ ಕೂತಳು. ಓಜೀವ್ ಮುಗಿಸಿದಳು. ಅಂದವಾಗಿಯೇ ಹಾಕಿದ್ದಳು.

ಅವಳ ಪ್ರಶ್ನೆ ಎಷ್ಟು ದೊಡ್ಡದು ಎಂದು ಹೇಳುತ್ತೇನೆ. ದಪ್ಪ ತುದಿಗೂ ಸಣ್ಣ ತುದಿಗೂ ಇರುವ ವ್ಯತ್ಯಾಸದ ಅರ್ಧವನ್ನು ಉದ್ದದಿಂದ ಭಾಗಿಸಿದರೆ ಸಿಗುವುದು ಆ ಇಳಿಜಾರಿನ ಕೋನದ ಟ್ಯಾನ್. ಅವಳ ಚಿತ್ರದಲ್ಲಿ ಅದು 5 ಭಾಗಿಸು 50, ಅಂದರೆ 0.1. ಕೋನ ಸಣ್ಣದಿದ್ದಾಗ ಅದರ ಟ್ಯಾನ್ ಬೆಲೆಯೂ ರೇಡಿಯನ್ನಿನಲ್ಲಿ ಅಳೆದ ಕೋನವೂ ಹೆಚ್ಚು ಕಡಿಮೆ ಒಂದೇ. ಒಂದು ರೇಡಿಯನ್ ಅಂದರೆ ಸುಮಾರು 57.3 ಡಿಗ್ರಿ, ಅದರ ಅರ್ಧ 28.65. ಅರ್ಧ ಮಾಡುವುದನ್ನೂ ಡಿಗ್ರಿಗೆ ತಿರುಗಿಸುವುದನ್ನೂ ಒಂದೇ ಸಂಖ್ಯೆಯಲ್ಲಿ ಹಿಡಿದಿಟ್ಟು ಲೇತ್ ಕೆಲಸದವರು ಕೈಯಿಂದ ಕೈಗೆ ದಾಟಿಸಿಕೊಂಡು ಬಂದಿದ್ದಾರೆ. ಅವಳ ತಂದೆಯ ಲೆಕ್ಕಕ್ಕೆ 5.72 ಡಿಗ್ರಿ ಬರುತ್ತದೆ, ನಿಜವಾದ ಕೋನ 5.71. ಕೋನ ದೊಡ್ಡದಾದಂತೆ ಟ್ಯಾನ್ ಬೇಗ ಬೇಗ ಏರಿ, ಕೋನವನ್ನು ಹಿಂದೆ ಹಾಕುತ್ತದೆ. 30 ಡಿಗ್ರಿ ತಿರುಗಿಸಬೇಕಾದ ಕಡೆ ಈ ಲೆಕ್ಕ 33 ಎನ್ನುತ್ತದೆ, ಅದಕ್ಕೇ ಚಾರ್ಟ್ ಬೇಕು. ಇದರಲ್ಲಿ ಅರ್ಧ ಹತ್ತನೇ ತರಗತಿಯ ಪಾಠ, ಇನ್ನರ್ಧ ಪಿಯುಸಿಯದು. ಒಂದು ಸೂತ್ರ ಎಲ್ಲಿವರೆಗೆ ಸರಿ, ಎಲ್ಲಿಂದಾಚೆ ತಪ್ಪು, ಯಾಕೆ ಎಂದು ಎ ಸೆಕ್ಷನ್ನಿನ ಒಂದು ಮಗುವೂ ನನ್ನನ್ನು ಕೇಳಿರಲಿಲ್ಲ. ಬೋರ್ಡಿನ ಮೇಲೆ ಒಂದು ಲಂಬಕೋನ ತ್ರಿಭುಜ ಬರೆದು ಐದು ನಿಮಿಷ ಮಾತಾಡಿದ್ದರೆ ಅವಳಿಗೆ ದಾರಿ ತೆರೆಯುತ್ತಿತ್ತು.

ವರ್ಷಗಳ ನಂತರ ಹರಿಹರದಲ್ಲಿ ನಮ್ಮ ಭಾವನವರ ಮನೆಯ ಮೋಟರಿನ ಶಾಫ್ಟ್ ಸರಿ ಮಾಡಿಸಲು ಅವರ ಜೊತೆ ಒಂದು ವರ್ಕ್‌ಶಾಪಿಗೆ ಹೋದೆ. ಮಾತಿಗೆ ಮಾತು ಬಂದು ನಾನು ಯಾವ ಶಾಲೆಯ ಮೇಷ್ಟ್ರು ಎಂದು ಗೊತ್ತಾದಾಗ ಲೇತ್ ಮುಂದಿದ್ದವರು ಕೈ ಒರೆಸಿಕೊಂಡು ನಮಸ್ಕಾರ ಮಾಡಿದರು. "ನಮ್ಮ ಹುಡುಗಿ ನಿಮ್ಮ ಸ್ಕೂಲಿನಾಗೇ ಓದಿದ್ದು ಸಾರ್" ಅಂದರು. ಹೆಸರು ಹೇಳಿದರು. ಲೇತಿನ ಹಿಂದಿನ ಗೋಡೆಗೆ ಎಣ್ಣೆ ಹಿಡಿದ ಟ್ಯಾನ್ ಚಾರ್ಟ್ ಅಂಟಿಸಿತ್ತು. "ಸೈನ್ಸ್ ತಗೋತೀನಿ ಅಂತಿದ್ಲು. ಆಮೇಲೆ ಅವಳೇ, ಗಣಿತದಾಗೆ ಒಂದಷ್ಟು ಪಾಠ ನಮಗೆ ಮಾಡೇ ಇಲ್ಲ, ಅಲ್ಲಿ ಹೋಗಿ ತ್ರಾಸಾಗ್ತತಿ ಅಂತ ಕಾಮರ್ಸ್‌ಗೆ ಹೋದ್ಲು. ಚೆನ್ನಾಗೇ ಅದಾಳೆ ಸಾರ್." ಅವರ ಮಾತಿನಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ಎದುರಿಸಲು ಸುಲಭವಾಗುತ್ತಿತ್ತು. ಕಾಮರ್ಸ್ ಓದಿದ್ದು ನಷ್ಟ ಎಂದು ನಾನು ಹೇಳುವುದಿಲ್ಲ. ಆದರೆ ಆ ಆಯ್ಕೆಯನ್ನು ಅವಳು ಮಾಡುವ ಮೊದಲೇ ನಾನು ಮಾಡಿಬಿಟ್ಟಿದ್ದೆ. ಐಟಿಐನಲ್ಲಿ ಟರ್ನರ್ ಟ್ರೇಡ್ ಸೇರುವ ಹುಡುಗರಿಗೂ ವರ್ಕ್‌ಶಾಪ್ ಕ್ಯಾಲ್ಕುಲೇಶನ್ ಎಂದು ತ್ರಿಕೋನಮಿತಿ ಕಲಿಸುತ್ತಾರೆ. ಅದು ಬೇಡ ಎಂದು ಬಿಟ್ಟವನು ನಾನು, ಲೇತ್ ಕೆಲಸದವರ ಮಗಳಿಗೆ.

ಎ ಸೆಕ್ಷನ್ನಿನವರಿಗಾದರೂ ಒಳ್ಳೆಯದಾಯಿತೇ? ಅಂಕಗಳು ಬಂದವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಬಡಾವಣೆಯಲ್ಲೇ ಇದ್ದ ಒಬ್ಬ ಹುಡುಗ ಒಂಬತ್ತನೇ ತರಗತಿಯಲ್ಲಿ ಎ ಇಂದ ಬಿ ಸೆಕ್ಷನ್‌ಗೆ ಇಳಿದ. ಇಳಿಸಿದ ಪಟ್ಟಿಯೂ ನನ್ನದೇ. ಅವನ ಮನೆಯವರು ಅಕ್ಕಪಕ್ಕದವರಿಗೆ ಅದನ್ನು ಹೇಳಲಿಲ್ಲ. ಸಂಜೆ ಪಾರ್ಕಿನಲ್ಲಿ ಆಡುತ್ತಿದ್ದವನು ಬರುವುದು ನಿಲ್ಲಿಸಿದ. ಶನಿವಾರ ಬೆಳಿಗ್ಗೆ ಅವನಿಗೆ ಹೊಟ್ಟೆನೋವು ಬರುತ್ತಿತ್ತು, ವಾಂತಿಯಾಗುತ್ತಿತ್ತು. ಡಾಕ್ಟರು ಏನೂ ಇಲ್ಲ ಎಂದರು. ಅವನ ತಾಯಿ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿಕೊಂಡು, "ಸಾರ್, ಇನ್ನೂ ಎಷ್ಟು ಮಾರ್ಕ್ಸ್ ತಗೊಂಡ್ರೆ ವಾಪಸ್ ಎ ಸೆಕ್ಷನ್‌ಗೆ ಹಾಕ್ತೀರಿ?" ಎಂದು ಕೇಳುತ್ತಿದ್ದರು. ನಾನು ಒಂದು ಸಂಖ್ಯೆ ಹೇಳುತ್ತಿದ್ದೆ. ಅವರ ಮಗನಿಗೆ ಏನಾಗುತ್ತಿದೆ ಎಂದು ಕೇಳುವ ಬದಲು ಸಂಖ್ಯೆ ಹೇಳುತ್ತಿದ್ದೆ. ತರಗತಿಯಲ್ಲಿ ಅವನು ಸಂದೇಹ ಕೇಳುವುದನ್ನು ಬಿಟ್ಟಿದ್ದ, ಗೊತ್ತಿಲ್ಲ ಎಂಬುದು ಹೊರಬಿದ್ದರೆ ಇನ್ನೂ ಕೆಳಗಿಳಿಸುತ್ತಾರೆ ಎಂಬ ಭಯಕ್ಕೆ. ಎ ಸೆಕ್ಷನ್ನಿನ ಪ್ರಶ್ನೆಯಿಲ್ಲದ ಆ ಮೌನವನ್ನು ನಾನು ಶಿಸ್ತು ಎಂದು ಓದಿಕೊಂಡಿದ್ದೆ.

ಮಕ್ಕಳನ್ನು ಮಟ್ಟಕ್ಕೆ ತಕ್ಕಂತೆ ಗುಂಪು ಮಾಡುವುದೇ ಪಾಪ ಎಂದು ನಾನು ಹೇಳಲಾರೆ. ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಮತ್ತು ಪ್ಯಾಸ್ಕಲಿನ್ ದ್ಯುಪಾ ಕೆನ್ಯಾದ ಪ್ರಾಥಮಿಕ ಶಾಲೆಗಳಲ್ಲಿ ಮಾಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಒಂದನೇ ತರಗತಿಯ ಮಕ್ಕಳನ್ನು ಅಂಕದ ಪ್ರಕಾರ ಎರಡು ಕೋಣೆ ಮಾಡಿದಾಗ ಎರಡೂ ಕಡೆಯವರ ಕಲಿಕೆ ಹೆಚ್ಚಿತು. ಇದನ್ನು ಓದಿದಾಗ ಮೊದಲು ನನಗೆ ಸಮಾಧಾನವಾಯಿತು. ಆಮೇಲೆ ಕಣ್ಣಿಗೆ ಬಿದ್ದದ್ದು, ಅಲ್ಲಿ ಯಾವ ಕೋಣೆಗೆ ಯಾವ ಮೇಷ್ಟ್ರು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರು ಎಂಬುದು. ಒಳ್ಳೆಯ ಮೇಷ್ಟ್ರನ್ನು ಮುಂದಿನವರಿಗೆ ಕೊಟ್ಟು, ಉಳಿದವರನ್ನು ಹಿಂದಿನವರಿಗೆ ಬಿಟ್ಟಿರಲಿಲ್ಲ. ಸಿಂಗಪುರ 1970ರ ದಶಕದ ಕೊನೆಯಿಂದ ಮಕ್ಕಳನ್ನು ಅಂಕದ ಪ್ರಕಾರ ಬೇರೆ ಬೇರೆ ಓಣಿಗೆ ಹಾಕುತ್ತಾ ಬಂದ ದೇಶ. ಅದೂ 2024ರಿಂದ ಹೈಸ್ಕೂಲಿನ ಆ ವಿಭಾಗಗಳನ್ನು ತೆಗೆದುಹಾಕಿದೆ. ಈಗ ಅಲ್ಲಿನ ಮಗು ಗಣಿತವನ್ನು ಒಂದು ಮಟ್ಟದಲ್ಲಿ, ಭಾಷೆಯನ್ನು ಇನ್ನೊಂದು ಮಟ್ಟದಲ್ಲಿ ಕಲಿಯಬಹುದು, ಕೂರುವ ತರಗತಿ ಮಾತ್ರ ಎಲ್ಲರ ಜೊತೆ.

ಅಷ್ಟು ದೂರ ಹೋಗಬೇಕಾದ್ದೂ ಇಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾಗಿ ನಾಡಿಗೆಲ್ಲ ಹಬ್ಬಿದ ನಲಿಕಲಿಯಲ್ಲೂ ಮಕ್ಕಳ ಮಟ್ಟಕ್ಕೆ ತಕ್ಕ ಗುಂಪುಗಳಿವೆ. ಮಗು ಕಲಿಕಾ ಏಣಿಯಲ್ಲಿ ಒಂದು ಮೆಟ್ಟಿಲು ದಾಟಿದ ಕೂಡಲೇ ಎದ್ದು ಬೇರೆ ತಟ್ಟೆಗೆ, ಅಂದರೆ ಬೇರೆ ಗುಂಪಿಗೆ, ಹೋಗುತ್ತದೆ. ಇವತ್ತು ಮೇಷ್ಟ್ರ ಪಕ್ಕದಲ್ಲಿ ಕೂತದ್ದು ನಾಳೆ ಗೆಳೆಯರ ಜೊತೆ, ನಾಡಿದ್ದು ತಾನೊಂದೇ. ಯಾವ ಗುಂಪಿನ ಹೆಸರೂ ಮಗುವಿಗೆ ಅಂಟಿಕೊಳ್ಳುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಸಹಾಯ ಬೇಕಾದವರಿಗೆ ಮೇಷ್ಟ್ರು ಪೂರ್ತಿಯಾಗಿ ಸಿಗುತ್ತಾರೆ. ಒಂದರಿಂದ ಮೂರನೇ ತರಗತಿಯ ಸರ್ಕಾರಿ ಶಾಲೆಯ ಮೇಡಂಗಳಿಗೆ ಗೊತ್ತಿದ್ದ ಈ ಸಂಗತಿ ನಮ್ಮ ಹೈಸ್ಕೂಲಿಗೆ ತಿಳಿದಿರಲಿಲ್ಲ. ನಾವು ಸಹಾಯವನ್ನು ಕಡಿಮೆ ಬೇಕಾದವರಿಗೆ ಹೆಚ್ಚು ಕೊಟ್ಟೆವು.

ವರ್ಕ್‌ಶಾಪಿನಿಂದ ಬಂದ ಮೇಲೆ ಮರುವರ್ಷ ಸಿ ಸೆಕ್ಷನ್ನನ್ನು ಜೂನ್‌ನಿಂದಲೇ ನಾನು ಕೇಳಿ ತೆಗೆದುಕೊಂಡೆ. ತ್ರಿಕೋನಮಿತಿಯನ್ನು ಬಿಡಲಿಲ್ಲ. ಓವರ್‌ಹೆಡ್ ಟ್ಯಾಂಕಿನ ಎತ್ತರವನ್ನು ಕೋನಮಾಪಕ, ದಾರ, ಒಂದು ನಟ್ ಕಟ್ಟಿಕೊಂಡು ಅಳೆಸಿದೆ. ಮೊದಲು ಕನ್ನಡದಲ್ಲಿ ಮಾತಾಡಿಸಿ ಆಮೇಲೆ ಇಂಗ್ಲಿಷಿನಲ್ಲಿ ಬರೆಸಿದೆ. ಪವಾಡ ಆಗಲಿಲ್ಲ. ಕೆಲವರಿಗೆ ನಿಜಕ್ಕೂ ಕಷ್ಟವಾಯಿತು, ಎಂಟನೇ ತರಗತಿಯಿಂದ ಬಿಟ್ಟುಬಂದದ್ದು ಒಂದು ವರ್ಷದಲ್ಲಿ ತುಂಬುವುದಿಲ್ಲ. ಇನ್ನು ಕೆಲವರು ಶನಿವಾರದ ಟೆಸ್ಟಿನಲ್ಲಿ ಎ ಸೆಕ್ಷನ್ನಿನ ನಡುಮಟ್ಟಕ್ಕೆ ಬಂದು ನಿಂತರು. ಅದೇ ಮಕ್ಕಳು, ಅದೇ ಪ್ರಶ್ನೆಪತ್ರಿಕೆ.

ಎ ಸೆಕ್ಷನ್ನಿನ ಪೋಷಕರು ಆಡಳಿತ ಮಂಡಳಿಗೆ ಹೋದರು. ನಮ್ಮ ಮಕ್ಕಳಿಗೆ ಸೀನಿಯರ್ ಮೇಷ್ಟ್ರು ಯಾಕಿಲ್ಲ ಎಂಬುದು ಅವರ ಪ್ರಶ್ನೆ, ತಂದೆತಾಯಿಯಾಗಿ ಅವರು ಕೇಳಿದ್ದು ಸಹಜವೇ. ಮುಂದಿನ ವರ್ಷ ನನ್ನನ್ನು ವಾಪಸ್ ಎ ಸೆಕ್ಷನ್‌ಗೆ ಹಾಕಿದರು. ನಾನು ಒಮ್ಮೆ ಹೇಳಿ ನೋಡಿದೆ, ಹೆಚ್ಚು ವಾದಿಸಲಿಲ್ಲ. ನಿವೃತ್ತಿ ಹತ್ತಿರವಿತ್ತು. ಇದನ್ನೂ ಬರೆಯದೇ ಇದ್ದರೆ ಮೇಲಿನದೆಲ್ಲ ಅರ್ಧ ಸತ್ಯವಾಗುತ್ತದೆ.

ಈಗ ಒತ್ತಡ ಇನ್ನೂ ಹೆಚ್ಚಿದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದು ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ ರೆಗ್ಯುಲರ್ ವಿದ್ಯಾರ್ಥಿಗಳದ್ದೇ ಶೇ 66.14. ನಕಲು ನಿಂತದ್ದು ಒಳ್ಳೆಯದೇ. ಆದರೆ ಫಲಿತಾಂಶ ಬಿದ್ದ ಕೂಡಲೇ ಶಾಲೆಗಳಿಗೆ ನೆನಪಾಗುವುದು ಪಾಸಿಂಗ್ ಪ್ಯಾಕೇಜ್ ಮತ್ತು ಸೆಕ್ಷನ್ ಹಂಚಿಕೆ. ಎಂಟನೇ ತರಗತಿ ದಾಟಿದ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆಯ ಆಸರೆಯೂ ಇಲ್ಲವಾದ್ದರಿಂದ, ಒಂಬತ್ತರಲ್ಲೇ ಫೇಲ್ ಮಾಡಿ ಟಿ.ಸಿ. ಕೊಟ್ಟು ಕಳಿಸುವ ದಾರಿಯೂ ತೆರೆದೇ ಇದೆ.

ನಿಜಲಿಂಗಪ್ಪ ಬಡಾವಣೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಮನೆಗೆ ಪೋಷಕರು ಬರುತ್ತಾರೆ. ಮಗುವಿಗೆ ಎ ಸೆಕ್ಷನ್ ಸಿಗಲು ಏನು ಓದಿಸಬೇಕು ಎಂದು ಕೇಳುತ್ತಾರೆ. ಎ ಸೆಕ್ಷನ್‌ಗೆ ಗಣಿತ ಯಾರು ತಗೊಳ್ತಾರೆ, ಕೊನೆಯ ಸೆಕ್ಷನ್‌ಗೆ ಯಾರು ತಗೊಳ್ತಾರೆ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ ಎನ್ನುತ್ತೇನೆ. ಎಲ್ಲ ಸೆಕ್ಷನ್‌ಗೂ ಎಲ್ಲ ಅಧ್ಯಾಯ ಮಾಡುತ್ತೀರಾ ಎಂದು ಕೇಳಿ. ಹೋದ ವರ್ಷ ಕೆಳಗಿನಿಂದ ಎಷ್ಟು ಮಕ್ಕಳು ಮೇಲೆ ಬಂದರು, ಆ ಲೆಕ್ಕ ತೋರಿಸಿ ಎಂದು ಕೇಳಿ. ನಿಮ್ಮ ಮಗು ಎ ಸೆಕ್ಷನ್‌ನಲ್ಲೇ ಇದ್ದರೂ ಕೇಳಿ, ಏಕೆಂದರೆ ಸಿ ಸೆಕ್ಷನ್ನಿನ ತಂದೆತಾಯಿ ದಿನದ ಕೂಲಿ ಬಿಟ್ಟು ಶಾಲೆಗೆ ಬರಲಾರರು, ಬಂದರೂ ಮೇಷ್ಟ್ರ ಮುಂದೆ ಬಾಯಿ ತೆರೆಯಲು ಹಿಂಜರಿಯುತ್ತಾರೆ. ಶಾಲೆ ತೆರೆಯುವುದು ಮೇ ಕೊನೆಗೆ. ವೇಳಾಪಟ್ಟಿ ಅದಕ್ಕೂ ಒಂದು ವಾರ ಮುಂಚೆ ಕೂತು ಬರೆಯುತ್ತಾರೆ. ಅಷ್ಟರೊಳಗೆ ಹೋಗಬೇಕು, ಬರೆದ ಮೇಲೆ ಯಾರೂ ಬದಲಾಯಿಸುವುದಿಲ್ಲ.